ತಿರುಗಿ ಬರುವ ದಾರಿಯ ಪುಟ

ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಹಳೆಯ ಕಟ್ಟಡವನ್ನು ಕೆಡವಿ ಹೊಸದು ಕಟ್ಟುವುದೆಂದು ತೀರ್ಮಾನವಾದ ಮೇಲೆ, ಕಳೆದ ತಿಂಗಳು ಈಗ ನಾವಿರುವ ನೆರೂಳಿನಿಂದ ಹೋಗಿ ಮನೆ ಖಾಲಿ ಮಾಡಿದೆ. ಅಡುಗೆಮನೆಯ ಅಟ್ಟದಲ್ಲಿ ಒಂದು ಹಿತ್ತಾಳೆಯ ಪಾತ್ರೆ, ಅದರೊಳಗೆ ಡಾಂಬರು ಗುಳಿಗೆಯ ವಾಸನೆ ಹೊಡೆಯುವ ಒಂದು ಬಟ್ಟೆಯ ಚೀಲ. ಅಲುಗಿಸಿದರೆ ಕಟಕಟ ಸದ್ದಾಯಿತು. ನೆಲಕ್ಕೆ ಸುರಿದೆ. ಅಂಕಿ ಕೂಗಿ ಆಡುವ ಹೌಸಿ ಆಟದ ಪ್ಲಾಸ್ಟಿಕ್ ಬಿಲ್ಲೆಗಳು, ಒಂದರಿಂದ ತೊಂಬತ್ತರವರೆಗೆ. ಅವುಗಳ ನಡುವೆ ದುಂಡಗೆ ಕತ್ತರಿಸಿದ ಹತ್ತು ರಟ್ಟಿನ ಚೂರುಗಳು. ೯೧, ೯೨, ೯೩... ೧೦೦. ಕನ್ನಡದ ಅಂಕಿಗಳು, ನೀಲಿ ಶಾಯಿ, ಕರಿಹಲಗೆಗೆ ಒಗ್ಗಿದ ಕೈಯ ಗುಂಡು ಬರಹ.

ಅವು ಟೀಚರು ಬರೆದವು. ಮೂವತ್ತು ವರ್ಷದ ಹತ್ತಿರವಾಯಿತು. ಏಣಿಯ ಬುಡದಲ್ಲಿ ಹಾಗೆಯೇ ಕೂತುಬಿಟ್ಟೆ. ಇದನ್ನು ಅಮ್ಮ ಯಾವತ್ತೋ ಎಸೆದಿದ್ದಾಳೆಂದು ನಂಬಿಕೊಂಡಿದ್ದೆ. ಎಸೆದಿದ್ದರೇ ಚೆನ್ನಾಗಿತ್ತು ಎಂದೂ ಒಂದು ಗಳಿಗೆ ಅನ್ನಿಸಿತು.

ಏಳನೆಯ ತರಗತಿಯವರೆಗೆ ನಾನು ಓದಿದ್ದು ಕನ್ನಡ ಶಾಲೆಯಲ್ಲಿ. ಅಲ್ಲಿ ನನಗೆ ಕನ್ನಡವನ್ನೂ ಲೆಕ್ಕವನ್ನೂ ಕಲಿಸಿದವರು ಟೀಚರು. ಗುಲ್ಬರ್ಗಾ ಕಡೆಯವರು, ಆಗ ನಾವೆಲ್ಲ ಹಾಗೆಯೇ ಅನ್ನುತ್ತಿದ್ದೆವು. ಮದುವೆಯಾಗಿರಲಿಲ್ಲ. ನಮ್ಮದೇ ಕಟ್ಟಡದಲ್ಲಿ, ಮನೆಗಳ ಮುಂದೆ ಉದ್ದಕ್ಕೂ ಹಾದುಹೋಗುವ ನಮ್ಮದೇ ಗ್ಯಾಲರಿಯ ಕೊನೆಯ ಕೋಣೆಯಲ್ಲಿ ಒಬ್ಬರೇ ಇದ್ದರು. ಅಪ್ಪ ಪಕ್ಕದ ಠಾಣೆ ಊರಿನ ರೈಲು ಸ್ಟೇಷನ್ನಿನ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರು. ಬೆಳಗಿನ ಲೋಕಲ್ ಹಿಡಿದು ಹೋದರೆ ಮತ್ತೆ ಮನೆಗೆ ಬರುವಾಗ ನಾನು ಮಲಗಿರುತ್ತಿದ್ದೆ. ಹಾಗಾಗಿ ಅಮ್ಮನಿಗೆ ಮಾತಿಗೆ ಸಿಗುವ ಕನ್ನಡದ ಜೀವವೆಂದರೆ ಟೀಚರೇ. ಮನೆಯೊಳಗೆ ನಮ್ಮದು ತುಳು. ಟೀಚರು ಬಂದರೆ ಅಮ್ಮ ಮಂಗಳೂರು ಕನ್ನಡಕ್ಕೆ ತಿರುಗುತ್ತಿದ್ದಳು, ಅವರು ಗುಲ್ಬರ್ಗಾ ಕನ್ನಡದಲ್ಲೇ ಉತ್ತರ ಕೊಡುತ್ತಿದ್ದರು. ಒಬ್ಬರ ಮಾತಿಗೆ ಇನ್ನೊಬ್ಬರು ನಗುತ್ತಿದ್ದರು. ಅಮ್ಮನ ಬಂಗುಡೆ ಮೀನಿನ ಸಾರಿನ ವಾಸನೆಗೆ ಮೂಗು ಮುಚ್ಚಿಕೊಂಡೇ ಅವರು ಹೊಸ್ತಿಲಲ್ಲಿ ಕೂತು ಗಂಟೆಗಟ್ಟಲೆ ಹರಟುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ...

ನಾನು ಕಾಲೇಜಿನ ಮೊದಲ ವರ್ಷದಲ್ಲಿದ್ದಾಗ ಹಡಗಿನಲ್ಲಿ ಕೆಲಸ ಮಾಡುತ್ತಿದ್ದ ಸೋದರಮಾವ ಒಂದು ದಪ್ಪ ಇಂಗ್ಲಿಷ್ ಪುಸ್ತಕ ತಂದುಕೊಟ್ಟ. ಯಾವುದೋ ಬಂದರಿನ ಹಳೆಯ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿದ್ದಂತೆ. ಕಾದಂಬರಿಯೆಂದು ತಂದಿದ್ದ, ತೆರೆದು ನೋಡಿದರೆ ಅದು ಆಟದ ಪುಸ್ತಕ. ಹೆದರಿಕೆಯ ಕಥೆಯೊಂದನ್ನು ನಾಲ್ಕಾರು ಜನ ಮೇಜಿನ ಸುತ್ತ ಕೂತು ಬಾಯಲ್ಲೇ ಆಡುವ ಆಟ. ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ಒಂದೊಂದು ಪಾತ್ರವಾಗಿ, ‘ನಾನು ಬಾಗಿಲು ತೆರೆಯುತ್ತೇನೆ’, ‘ನಾನು ಓಡುತ್ತೇನೆ’ ಎಂದು ಹೇಳುತ್ತ ಹೋಗುತ್ತಾರೆ. ಹೇಳಿದ್ದು ಸಾಧ್ಯವಾಗುತ್ತದೋ ಇಲ್ಲವೋ ಎಂಬುದನ್ನು ನೂರರೊಳಗಿನ ಒಂದು ಅಂಕಿ ತೀರ್ಮಾನಿಸುತ್ತದೆ. ಪ್ರತಿ ಪಾತ್ರಕ್ಕೂ ದೇಹಬಲದ ಒಂದು ಅಂಕಿ, ಮನೋಬಲದ ಒಂದು ಅಂಕಿ. ಭಯಂಕರವಾದದ್ದು ಎದುರಾದರೆ ದಾಳ ಉರುಳಿಸಬೇಕು. ಬಂದ ಅಂಕಿ ಮನೋಬಲಕ್ಕಿಂತ ಹೆಚ್ಚಾಗಿದ್ದರೆ ಮನೋಬಲ ಒಂದಿಷ್ಟು ಇಳಿಯುತ್ತದೆ. ಇಳಿದು ಇಳಿದು ಸೊನ್ನೆಯಾದರೆ ಆ ಪಾತ್ರಕ್ಕೆ ಹುಚ್ಚು ಹಿಡಿಯಿತೆಂದು ಅರ್ಥ.

ಆಟಕ್ಕೆ ಬೇಕಾದ ದಾಳಗಳು ಪುಸ್ತಕದ ಜೊತೆ ಬಂದಿರಲಿಲ್ಲ. ಮನೆಯಲ್ಲಿದ್ದ ಹೌಸಿ ಬಿಲ್ಲೆಗಳನ್ನೇ ಚೀಲಕ್ಕೆ ಹಾಕಿ ಒಂದೊಂದಾಗಿ ಎತ್ತಲು ಶುರು ಮಾಡಿದೆವು. ಆಡುತ್ತಿದ್ದದ್ದು ನಾವು ಮೂವರು: ಕಥೆ ನಡೆಸುವ ನಾನು, ಕೆಳಗಿನ ಮಾಳಿಗೆಯ ಸುಧೀರ, ಎದುರಿನ ಕಟ್ಟಡದ ಶೈಲಾ. ಸುಧೀರನಿಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ. ಶೈಲಾಳ ಅಪ್ಪ ನಮ್ಮ ಕನ್ನಡ ಶಾಲೆಯ ಕಮಿಟಿಯಲ್ಲಿದ್ದವರು, ಬಹಳ ಶಿಸ್ತಿನ ಮನುಷ್ಯ. ಅವಳು ‘ಅಕೌಂಟ್ಸ್ ಓದುವುದಕ್ಕೆ’ ಎಂದು ಹೇಳಿ ಬರುತ್ತಿದ್ದಳು. ಭಾನುವಾರ ಮಧ್ಯಾಹ್ನ ಅಮ್ಮ ಭಜನೆಗೆ ಹೋದ ಮೇಲೆ ಕಿಟಕಿಗೆ ಚಾದರ ಕಟ್ಟಿ ಕತ್ತಲು ಮಾಡಿಕೊಂಡು ಕೂರುತ್ತಿದ್ದೆವು.

ಮೂರನೆಯ ಭಾನುವಾರವಿರಬೇಕು, ಶೈಲಾಳ ಕಿರುಚಾಟ ಕೇಳಿ ಟೀಚರು ಬಂದು ಬಾಗಿಲಲ್ಲಿ ನಿಂತರು.

“ಏನ್ ನಡಸೀರಿ? ಹಾಡಾಹಗಲ ಕತ್ತಲ ಮಾಡ್ಕೊಂಡು?”

“ಟೀಚರ್, ಭೂತ್ ಕಾ ಗೇಮ್ ಹೈ. ಆಪ್ ಕೋ ಡರ್ ಲಗೇಗಾ,” ಎಂದ ಸುಧೀರ.

“ನಲವತ್ತೈದು ಹುಡುಗರ ಕ್ಲಾಸಿನಾಗ ನಿಂತಾಕಿಗೆ ಭೂತದ ಅಂಜಿಕಿ ಹೇಳ್ತೀಯೇನೋ?” ಎಂದು ನಕ್ಕು ಒಳಗೆ ಬಂದು ಕೂತರು.

ತೊಂಬತ್ತೇ ಬಿಲ್ಲೆಗಳಿವೆ, ನೂರು ಬೇಕು ಎಂದು ತಿಳಿದದ್ದೇ ತಡ, ತಮ್ಮ ಕೋಣೆಗೆ ಹೋಗಿ ಒಂದು ಮದುವೆ ಕರೆಯೋಲೆಯ ರಟ್ಟನ್ನು ಕತ್ತರಿಸಿ ಹತ್ತು ಚೂರು ಮಾಡಿ ತಂದರು. “ನೀವೆಲ್ಲ ಕನ್ನಡ ಅಂಕಿ ಮರತೀರಿ. ಈ ನೆಪದಾಗರೆ ನೆನಪಿಟ್ಕೋರಿ,” ಎಂದರು.

ನಾವು ಪೊಲೀಸ್ ಇನ್ಸ್‌ಪೆಕ್ಟರು, ಪತ್ರಕರ್ತೆ ಎಂದೆಲ್ಲ ಪಾತ್ರ ಮಾಡಿಕೊಂಡಿದ್ದರೆ ಟೀಚರು ಆರಿಸಿಕೊಂಡದ್ದು ಬುಟ್ಟಿ ಹೊತ್ತು ಮನೆಮನೆಗೆ ಹೋಗುವ ಬಳೆಗಾರ್ತಿ ಬಸಮ್ಮನನ್ನು. ಯಾಕೆಂದು ಕೇಳಿದರೆ, “ಪೊಲೀಸಗ ಯಾರೂ ಬಾಗಲಾ ತೆಗೆಯೂದಿಲ್ಲ. ಬಳಿಗಾರ್ತಿಗೆ ಎಲ್ಲಾರೂ ತೆಗೀತಾರ,” ಎಂದರು. ಹಾಗೆಯೇ ಆಯಿತು. ಪುಸ್ತಕದ ಪರದೇಶದ ಊರನ್ನು ನಾನು ಭಿವಂಡಿ ರಸ್ತೆಯ ಮುಚ್ಚಿಹೋದ ಮಗ್ಗದ ಶೆಡ್ಡಿಗೆ ತಂದಿದ್ದೆ. ಅಲ್ಲೊಂದು ಹೆಣ್ಣು ದೆವ್ವ. ಸುಧೀರ ಪಿಸ್ತೂಲು ತೆಗೆದ, ಶೈಲಾ ಓಡಿದಳು. ಟೀಚರು ಮಾತ್ರ, “ಬಸಮ್ಮ ಬುಟ್ಟಿ ಇಳಸ್ತಾಳ. ಆಕೀಗೆ ಕೇಳ್ತಾಳ, ಯಾವ ಪಾಳಿಯಾಗ ಕೆಲಸ ಮಾಡ್ತಿದ್ದಿಯವ್ವಾ ಅಂತ,” ಎಂದರು. ನಾನು ಪುಸ್ತಕದಲ್ಲಿ ಅದಕ್ಕೆ ಉತ್ತರ ಹುಡುಕಿದೆ. ಇರಲಿಲ್ಲ. ಅವರೇ ಮುಂದೆ ಹೇಳುತ್ತ ಹೋದರು. ದೆವ್ವಕ್ಕೊಂದು ಊರು ಬಂತು, ತಂಗಿ ಬಂದಳು, ಸಿಗದೆ ಉಳಿದ ರಜೆ ಬಂತು. ಶೈಲಾ ಕಣ್ಣೊರೆಸಿಕೊಂಡಳು. ನನ್ನ ಹೆದರಿಕೆಯ ಕಥೆ ನನ್ನ ಕೈತಪ್ಪಿ ಎತ್ತಲೋ ಹೋಗಿತ್ತು.

ಹೀಗೆ ಏಳೆಂಟು ಭಾನುವಾರ ನಡೆಯಿತು. ಮೊದಮೊದಲು ನನಗೂ ಖುಷಿಯಾಗುತ್ತಿತ್ತು. ಆಮೇಲಾಮೇಲೆ ನಾನು ಹೇಳುವಾಗ ಉಳಿದಿಬ್ಬರೂ ಟೀಚರ ಮುಖ ನೋಡುವುದನ್ನು ಗಮನಿಸತೊಡಗಿದೆ. ಒಂದು ದಿನ ಏಳುವಾಗ ಸುಧೀರ ಅಂದ, “ಯಾರ್, ಅಗಲೀ ಬಾರ್ ಟೀಚರ್ ಕೋ ಸ್ಟೋರಿ ಚಲಾನೇ ದೇ ನಾ. ತೂ ಬಸಮ್ಮಾ ಬನ್ ಜಾ.” ಟೀಚರು ಕಥೆ ನಡೆಸಲಿ, ನಾನು ಬಸಮ್ಮನಾಗಲಿ ಎಂದದ್ದಕ್ಕೆ ಶೈಲಾ ಚಪ್ಪಾಳೆ ತಟ್ಟಿದಳು. ಟೀಚರು “ಛೇ, ಪುಸ್ತಕ ಅವಂದದ” ಎಂದರೂ ಅವರ ಮುಖದಲ್ಲಿ ಒಂದು ಆಸೆ ಹಾದುಹೋದದ್ದು ನನಗೆ ಕಂಡಿತು. ನಾನು ನಕ್ಕೆ. ಪುಸ್ತಕವನ್ನು ಮಾತ್ರ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡೆ.

ಉಳಿದಿಬ್ಬರಿಗೆ ಗೊತ್ತಿಲ್ಲದ ಒಂದು ಸಂಗತಿ ನನಗೆ ಗೊತ್ತಿತ್ತು.

ಅದಕ್ಕೆ ಎರಡು ವರ್ಷ ಮೊದಲು ಟೀಚರು ನಾಲ್ಕು ತಿಂಗಳು ಕಾಣಿಸಿರಲಿಲ್ಲ. ತಾಯಿಗೆ ಹುಷಾರಿಲ್ಲ, ಊರಿಗೆ ಹೋಗಿದ್ದಾರೆ ಎಂದು ಶಾಲೆಯವರೂ ಕಟ್ಟಡದವರೂ ನಂಬಿದ್ದರು. ನಿಜವಾಗಿ ಅವರು ಠಾಣೆಯ ಮನೋರೋಗಿಗಳ ಆಸ್ಪತ್ರೆಯಲ್ಲಿದ್ದರು. ಊಟ ಬಿಟ್ಟಿದ್ದರು, ನಿದ್ದೆ ಬಿಟ್ಟಿದ್ದರು. ಗೋಡೆಯೊಳಗಿಂದ ಯಾರೋ ಹಾಜರಿ ಕರೆಯುತ್ತಿದ್ದಾರೆ, ಒಂದೊಂದೇ ಹೆಸರು, ತನ್ನ ಹೆಸರು ಮಾತ್ರ ಬರುತ್ತಿಲ್ಲ ಎಂದು ಅಮ್ಮನ ಕೈ ಹಿಡಿದು ಅತ್ತಿದ್ದರು. ಅಪ್ಪ ಅಮ್ಮ ಇಬ್ಬರೂ ಹೋಗಿ ಸೇರಿಸಿ ಬಂದರು. ಪ್ರತಿ ಗುರುವಾರ ಅಮ್ಮ ಡಬ್ಬಿ ಕಟ್ಟಿಕೊಂಡು ಲೋಕಲ್‌ನಲ್ಲಿ ಠಾಣೆಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿಯುತ್ತಿದ್ದಳು. ರಾತ್ರಿ ಡಬ್ಬಿ ತೊಳೆಯುತ್ತ, ಆಗಷ್ಟೇ ಬಂದ ಅಪ್ಪನ ಹತ್ತಿರ ಅಲ್ಲಿನದ್ದೆಲ್ಲ ಹೇಳುವುದು ಹಾಸಿಗೆಯಲ್ಲಿದ್ದ ನನ್ನ ಕಿವಿಗೆ ಬೀಳುತ್ತಿತ್ತು. ಒಮ್ಮೆ ನನ್ನನ್ನು ಹತ್ತಿರ ಕರೆದು, “ಈ ಮಾತು ನಮ್ಮ ಹೊಸ್ತಿಲು ದಾಟಬಾರದು. ದಾಟಿದರೆ ಅವರ ಕೆಲಸ ಹೋಗ್ತದೆ, ಗೊತ್ತಾಯ್ತಲ್ಲ?” ಎಂದಳು. ತಲೆಯಾಡಿಸಿದ್ದೆ. ಎರಡು ವರ್ಷ ಆ ಮಾತನ್ನು ಉಳಿಸಿಕೊಂಡೂ ಇದ್ದೆ. ಟೀಚರು ವಾಸಿಯಾಗಿ ಬಂದು, ಗುಳಿಗೆ ತೆಗೆದುಕೊಳ್ಳುತ್ತ, ಮತ್ತೆ ಮೊದಲಿನ ಹಾಗೆ ಪಾಠ ಹೇಳುತ್ತಿದ್ದರು.

ಸುಧೀರ ಆ ಮಾತು ಆಡಿದ ಮುಂದಿನ ಭಾನುವಾರ ನಾನು ಕಥೆಯನ್ನು ಬೇಕೆಂದೇ ಬಸಮ್ಮನ ಸುತ್ತ ಹೆಣೆದೆ. ಆಗಲೇ ಬಸಮ್ಮನ ಮನೋಬಲವನ್ನು ಅದೂ ಇದೂ ನೆಪ ಹೇಳಿ ಮೂವತ್ತಕ್ಕೆ ಇಳಿಸಿದ್ದೆ. ಪಾಳುಮನೆಯೊಂದಕ್ಕೆ ಅವಳೊಬ್ಬಳನ್ನೇ ಕಳಿಸಿದೆ. ಬಾಗಿಲು ಮುಚ್ಚಿಕೊಂಡಿತು. ಆಮೇಲೆ ಹೇಳಿದೆ:

“ಗೋಡೆಯೊಳಗಿಂದ ಯಾರೋ ಹೆಸರು ಕರೀತಿದ್ದಾರೆ. ಒಂದೊಂದೇ ಹೆಸರು. ಹಾಜರಿ ಕರೆದ ಹಾಗೆ. ಬಸಮ್ಮನ ಹೆಸರು ಮಾತ್ರ ಬರ್ತಾ ಇಲ್ಲ.”

ಬಾಯಿತಪ್ಪಿ ಬಂದದ್ದಲ್ಲ ಅದು. ಹಿಂದಿನ ದಿನ ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೆ.

ಟೀಚರು ನನ್ನ ಮುಖ ನೋಡಿದರು. ಚೀಲಕ್ಕೆ ಕೈ ಹಾಕಿ ಒಂದು ಬಿಲ್ಲೆ ಎತ್ತಿದರು. ೯೭. ತಮ್ಮದೇ ಕೈಯ ಅಂಕಿ. ನಿಯಮದ ಪ್ರಕಾರ ನಾಲ್ಕೋ ಐದೋ ಕಳೆಯಬೇಕಿತ್ತು. ನಾನು ಪುಸ್ತಕ ತಿರುವಿ ಹಾಕಿದಂತೆ ಮಾಡಿ, “ಸೊನ್ನೆ. ಬಸಮ್ಮನಿಗೆ ಹುಚ್ಚು ಹಿಡೀತು. ಠಾಣೆಗೆ,” ಎಂದೆ.

ಸುಧೀರ ಹೊಟ್ಟೆ ಹಿಡಿದುಕೊಂಡು ನಕ್ಕ. ಯಾರಾದರೂ ವಿಚಿತ್ರವಾಗಿ ಆಡಿದರೆ ‘ಠಾಣೆಗೆ ಕಳಿಸಿ’ ಎನ್ನುವುದು ನಮ್ಮ ಕಡೆಯ ಹಳೆಯ ಕುಚೋದ್ಯ. ಅವನಿಗೆ ಅದು ಬರೀ ಕುಚೋದ್ಯ. ನಾನು ಅಷ್ಟಕ್ಕೇ ನಿಲ್ಲಲಿಲ್ಲ. ಸಾಲಾಗಿಟ್ಟ ಕಬ್ಬಿಣದ ಮಂಚ, ನಗ್ಗಿದ ತಟ್ಟೆ, ಹೇನಿಗೆಂದು ಸಣ್ಣದಾಗಿ ಕತ್ತರಿಸಿದ ಕೂದಲು, ಗುರುವಾರ ಯಾರಾದರೂ ಬರುತ್ತಾರೆಂದು ಗೇಟಿನತ್ತ ನೋಡುತ್ತ ಕೂರುವ ಬಸಮ್ಮ... ಅಮ್ಮ ಡಬ್ಬಿ ತೊಳೆಯುತ್ತ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಹಾಗೆ ಹೇಳುತ್ತಿದ್ದಾಗ, ಆ ಎರಡು ತಿಂಗಳಲ್ಲಿ ಮೊದಲ ಬಾರಿಗೆ ಮೂವರೂ ನನ್ನನ್ನೇ ನೋಡುತ್ತಿದ್ದರು. ನನಗೆ ಅದು ಹಿತವಾಗಿತ್ತು. ಅದನ್ನೂ ಹೇಳಿಬಿಡಬೇಕು, ಹಿತವಾಗಿತ್ತು.

ಮುಗಿಸಿದ ಮೇಲೆ ಟೀಚರು ನಿಧಾನವಾಗಿ ಕೇಳಿದರು, “ಅಂಕಿ ಸೊನ್ನಿ ಆತಂದ್ರ ಮುಗದಂಗೇನು? ನಿನ್ನ ಪುಸ್ತಕದಾಗ ತಿರುಗಿ ಬರೂ ದಾರಿ ಇಲ್ಲೇನು?”

ಇತ್ತು. ಒಂದು ಪುಟವೇ ಇತ್ತು. ಕೆಲವು ತಿಂಗಳು ಆರೈಕೆ ಸಿಕ್ಕರೆ, ನೋಡಿಕೊಳ್ಳುವವರಿದ್ದರೆ, ಮನೋಬಲ ಸ್ವಲ್ಪಸ್ವಲ್ಪವಾಗಿ ಮರಳುತ್ತದೆ, ಆ ಪಾತ್ರ ಮತ್ತೆ ಆಟಕ್ಕೆ ಬರಬಹುದು ಎಂದು ಸ್ಪಷ್ಟವಾಗಿ ಬರೆದಿತ್ತು. ನಾನು ಅದನ್ನು ಓದಿದ್ದೆ. ಪುಸ್ತಕ ನನ್ನ ತೊಡೆಯ ಮೇಲೇ ಇತ್ತು.

“ಇಲ್ಲ,” ಎಂದೆ.

“ಹಂಗಾದ್ರ ಪುಸ್ತಕ ಬರದಾಂವಗ ಗೊತ್ತಿಲ್ಲ,” ಎಂದರು ಟೀಚರು. “ಬರ್ತಾರ. ನಾ ಬಂದೀನಲ್ಲ.”

ಸುಧೀರ ತಟ್ಟನೆ ಟೀಚರತ್ತ ತಿರುಗಿದ. ಶೈಲಾ ಅವರನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡಿದಳು. ಟೀಚರ ದನಿಯಲ್ಲಿ ಸಿಟ್ಟಿರಲಿಲ್ಲ. ತರಗತಿಯಲ್ಲಿ ತಪ್ಪು ಲೆಕ್ಕ ತಿದ್ದುವಾಗ ಇರುತ್ತಿತ್ತಲ್ಲ, ಅದೇ ದನಿ. “ಬಸಮ್ಮ ಅಲ್ಲಿ ನಾಕು ತಿಂಗಳ ಇರ್ತಾಳ. ಗುಳಿಗಿ ನುಂಗ್ತಾಳ, ನಿದ್ದಿ ಮಾಡ್ತಾಳ. ಒಂದಿನ ಹೊರಗ ಬಂದು ಮತ್ತ ಬುಟ್ಟಿ ಹೊರತಾಳ. ಬರಕೋ.”

ನಾನು ಬರೆದುಕೊಳ್ಳಲಿಲ್ಲ. ಪೆನ್ನು ಕೈಯಲ್ಲೇ ಇತ್ತು. ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಅವರು ಎದ್ದು ಹೋದರು. ಗ್ಯಾಲರಿಯುದ್ದಕ್ಕೂ ಅವರ ಚಪ್ಪಲಿಯ ಸದ್ದು ಕೇಳಿಸಿತು. ಆಮೇಲೆ ನಾವು ಯಾವತ್ತೂ ಆ ಆಟ ಆಡಲಿಲ್ಲ.

ಶೈಲಾ ಕೆಟ್ಟ ಹುಡುಗಿಯಲ್ಲ. ಕೇಳಿದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಲಾಗದೆ ತಾಯಿಯ ಹತ್ತಿರ ಹೇಳಿದಳು. ಭೂತದ ಆಟದ ಮಾತನ್ನು ಮನೆಯಲ್ಲಿ ಎತ್ತುವಂತಿರಲಿಲ್ಲವಾದ್ದರಿಂದ ‘ಬಿಲ್ಡಿಂಗಿನಲ್ಲಿ ಯಾರೋ ಹೇಳುತ್ತಿದ್ದರು’ ಎಂದಳಂತೆ. ತಾಯಿಯಿಂದ ತಂದೆಗೆ, ತಂದೆಯಿಂದ ಕಮಿಟಿಗೆ. ಹದಿನೈದು ದಿನದಲ್ಲಿ ಪಾಲಕರು ಗುಂಪಾಗಿ ಬಂದು ಶಾಲೆಯ ಅಂಗಳದಲ್ಲಿ ನಿಂತರು. ಟೀಚರನ್ನು ತರಗತಿಯಿಂದ ತೆಗೆದು ಆಫೀಸಿನಲ್ಲಿ ಕೂರಿಸಿದರು. ಡಾಕ್ಟರ ಸರ್ಟಿಫಿಕೇಟು ಕೇಳಿದರು, ಟೀಚರು ತಂದುಕೊಟ್ಟರು. ಪಾಠ ಹೇಳಲು ಯಾವ ಅಡ್ಡಿಯೂ ಇಲ್ಲ ಎಂದು ಅದರಲ್ಲಿ ಬರೆದಿತ್ತು. ಆದರೂ ಅವರ ತರಗತಿಗೆ ಮಕ್ಕಳನ್ನು ಕಳಿಸಲು ಯಾರೂ ಒಪ್ಪಲಿಲ್ಲ. ದಿನವಿಡೀ ಆಫೀಸಿನ ಬೆಂಚಿನ ಮೇಲೆ ಸುಮ್ಮನೆ ಕೂತು ಕೂತು, ಪರೀಕ್ಷೆಗಳು ಮುಗಿಯುತ್ತಿದ್ದಂತೆ ಅವರು ರಾಜೀನಾಮೆ ಬರೆದುಕೊಟ್ಟರು.

ಆ ದಿನಗಳಲ್ಲಿ ಅಮ್ಮ ಸರಿಯಾಗಿ ಉಣ್ಣಲಿಲ್ಲ. ಭಜನೆಯಲ್ಲಿ ಒಮ್ಮೆ ಶೈಲಾಳ ತಾಯಿಯ ಹತ್ತಿರ, ‘ನಮ್ಮ ಟೀಚರು ತುಂಬ ಕಷ್ಟದಿಂದ ಎದ್ದು ಬಂದವರು’ ಎಂದು ಅರ್ಧಂಬರ್ಧ ಏನೋ ಅಂದಿದ್ದಳಂತೆ. ಅಷ್ಟರಿಂದಲೇ ಅವರು ಊಹಿಸಿದರು, ಎಲ್ಲ ತನ್ನ ನಾಲಗೆಯಿಂದಲೇ ಆದದ್ದು ಎಂದು ಅವಳು ತೀರ್ಮಾನಿಸಿಕೊಂಡಳು. ಅಪ್ಪನ ಎದುರು ಹೇಳಿಕೊಂಡು ಅತ್ತಳು. ನಾನು ಪಕ್ಕದ ಕೋಣೆಯಲ್ಲಿ ಪುಸ್ತಕ ತೆರೆದಿಟ್ಟುಕೊಂಡು ಕೂತಿದ್ದೆ. ಎದ್ದು ಹೋಗಿ ‘ನೀನಲ್ಲ, ನಾನು’ ಎನ್ನಲು ಹತ್ತು ಹೆಜ್ಜೆ ಸಾಕಿತ್ತು.

ಗುಲ್ಬರ್ಗಾದ ಗಾಡಿ ಕಲ್ಯಾಣದಲ್ಲಿ ನಿಲ್ಲುತ್ತಿತ್ತು. ಟೀಚರನ್ನು ಹತ್ತಿಸಲು ಅಮ್ಮನೂ ನಾನೂ ಹೋದೆವು. ಟ್ರಂಕು ನನ್ನ ಹೆಗಲ ಮೇಲಿತ್ತು. ಬೇಸಗೆಯ ಮಧ್ಯಾಹ್ನ, ಪ್ಲಾಟ್‌ಫಾರ್ಮಿನ ತುಂಬ ಮದುವೆಗೆ ಹೋಗುವ ಜನ. ಗಾಡಿ ಬರುವ ಹೊತ್ತಿಗೆ ಅಮ್ಮ ಟೀಚರ ಎರಡೂ ಕೈ ಹಿಡಿದುಕೊಂಡಳು.

“ಟೀಚರ್, ನನ್ನ ಬಾಯಿಂದಲೇ ಹೋದದ್ದು ಅದು. ಆ ಭಜನೆಯಲ್ಲಿ... ನನ್ನನ್ನು ಕ್ಷಮಿಸಿಬಿಡಿ.”

ಟೀಚರು ಅಮ್ಮನ ಭುಜದ ಮೇಲಿಂದ ನನ್ನತ್ತ ನೋಡಿದರು. ಕಾಯುತ್ತಿದ್ದರೆಂದು ಈಗ ಅನ್ನಿಸುತ್ತದೆ. ನಾನು ಗಾಡಿ ಬರುವ ದಿಕ್ಕಿಗೆ ಮುಖ ತಿರುಗಿಸಿದೆ.

“ಅಕ್ಕಾರ,” ಎಂದರು ಅವರು, “ನೀವು ಗುರುವಾರ ಗುರುವಾರ ಡಬ್ಬಿ ಹಿಡಕೊಂಡು ಬಂದಾವ್ರು. ನಿಮ್ಮ ಬಾಯಿಂದ ಹೋಗೂದಿಲ್ಲದು. ಹೋಗಿಲ್ಲ.”

ಅಮ್ಮ ಅದನ್ನು ಸಮಾಧಾನದ ಮಾತೆಂದು ತಿಳಿದಳು. ಇನ್ನಷ್ಟು ಅತ್ತಳು. ಟ್ರಂಕನ್ನು ಸೀಟಿನ ಕೆಳಗೆ ತಳ್ಳಿ ನಾನು ಇಳಿಯುವಾಗ ಟೀಚರು ಕಿಟಕಿಯ ಸರಳಿನ ಹತ್ತಿರ ಬಂದು, ನನಗೊಬ್ಬನಿಗೇ ಕೇಳುವಷ್ಟು ಸಣ್ಣ ದನಿಯಲ್ಲಿ ಹೇಳಿದರು: “ಆ ಪುಸ್ತಕ ಇನ್ನೊಮ್ಮೆ ಛಂದಾಗಿ ಓದು, ತಮ್ಮಾ.”

ಗಾಡಿ ಹೊರಟಿತು. ಮೊದಲ ಒಂದೆರಡು ವರ್ಷ ಅಮ್ಮನ ಹೆಸರಿಗೆ ದೀಪಾವಳಿಯ ಕಾಗದ ಬರುತ್ತಿತ್ತು. ಅಮ್ಮ ಉತ್ತರ ಬರೆಯಲು ನನ್ನನ್ನೇ ಕೂರಿಸುತ್ತಿದ್ದಳು. ಪ್ರತಿ ಸಲವೂ ‘ನನ್ನ ತಪ್ಪನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ’ ಎಂಬ ಒಂದು ಸಾಲು. ಆ ಸಾಲನ್ನು ನಾನೇ ನನ್ನ ಕೈಯಿಂದ ಬರೆದಿದ್ದೇನೆ. ಆಮೇಲೆ ನಾವು ನೆರೂಳಿಗೆ ಬಂದೆವು, ವಿಳಾಸ ಬದಲಾಯಿತು, ಕಾಗದಗಳು ನಿಂತುಹೋದವು...

ಅಮ್ಮನಿಗೆ ಈಗ ಎಪ್ಪತ್ತೊಂಬತ್ತು. ಡೊಂಬಿವಲಿಯ ಸಾಮಾನನ್ನು ನೆರೂಳಿಗೆ ತಂದು ಬಿಚ್ಚುವಾಗ ಅವಳು ಬಾಲ್ಕನಿಯಲ್ಲಿ ಬಸಳೆ ಸೊಪ್ಪು ಬಿಡಿಸುತ್ತ ಕೂತಿದ್ದಳು. ಹಳೆಯ ಕಟ್ಟಡದ ಮಾತು ಬಂತು, ಗ್ಯಾಲರಿಯ ಮಾತು ಬಂತು. “ಪಾಪ, ಟೀಚರು,” ಎಂದಳು. “ನನ್ನ ಹಾಳು ನಾಲಗೆ.” ಈ ಮಾತನ್ನು ಇಷ್ಟು ವರ್ಷಗಳಲ್ಲಿ ಎಷ್ಟು ಸಲ ಕೇಳಿದ್ದೇನೋ. ಆ ದಿನ ಯಾಕೋ ಮುಂದೆ ದಾಟಿ ಹೋಗಲು ಆಗಲಿಲ್ಲ. ಅವಳ ಎದುರು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಆಟ, ಗೋಡೆಯ ಹಾಜರಿ, ‘ಇಲ್ಲ’ ಎಂದದ್ದು, ಕಲ್ಯಾಣದ ಪ್ಲಾಟ್‌ಫಾರ್ಮಿನಲ್ಲಿ ಸುಮ್ಮನಿದ್ದದ್ದು.

ಅವಳ ಕೈ ನಿಂತಿತು. ಸೊಪ್ಪನ್ನು ಪಕ್ಕಕ್ಕೆ ಸರಿಸಿ, “ಇಷ್ಟು ವರ್ಷ ಅದನ್ನು ನನ್ನ ತಲೆ ಮೇಲೆ ಹೊರಿಸಿ ಇಟ್ಟೆಯಲ್ಲ,” ಎಂದಳು. ಅಷ್ಟೇ. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಚಹಾ ತಂದು ಮುಂದಿಟ್ಟು, “ಅವರನ್ನು ಹುಡುಕು. ನೀನೇ ಹೇಳಬೇಕು. ನಾನೂ ಬರ್ತೇನೆ,” ಎಂದಳು.

ಹಳೆಯ ಶಾಲೆಯ ಒಬ್ಬ ನಿವೃತ್ತ ಮೇಷ್ಟರ ಮೂಲಕ ಟೀಚರ ಅಣ್ಣನ ಮಗನ ನಂಬರು ಸಿಕ್ಕಿತು. ಫೋನ್ ಮಾಡಿದೆ.

“ಅತ್ತಿ ತೀರಿಕೊಂಡು ಎರಡು ವರ್ಷ ಆತ್ರಿ,” ಎಂದ ಆತ. ಊರ ಹತ್ತಿರದ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಕೈಲಾಗುವವರೆಗೂ ವಾರ್ಡನ್ ಆಗಿದ್ದರಂತೆ. ಮತ್ತೆ ಒಮ್ಮೆಯೂ ಆ ಕಾಯಿಲೆ ಮರುಕಳಿಸಲಿಲ್ಲವಂತೆ. ಗುಳಿಗೆಯನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲವಂತೆ. “ನೀವ್ಯಾರಂತ ಗೊತ್ತಾಗಲಿಲ್ಲರಿ,” ಎಂದ.

“ಅವರ ಹಳೆಯ ವಿದ್ಯಾರ್ಥಿ,” ಎಂದೆ. ಅದಕ್ಕಿಂತ ಹೆಚ್ಚು ಹೇಳಲು ಅಲ್ಲಿಯೂ ನನ್ನಿಂದಾಗಲಿಲ್ಲ.

ಫೋನಿಟ್ಟು ತಿರುಗಿದರೆ ಅಮ್ಮ ಬಾಗಿಲಲ್ಲಿ ನಿಂತಿದ್ದಳು. ನನ್ನ ಮುಖ ನೋಡಿಯೇ ಅವಳಿಗೆ ತಿಳಿದಿರಬೇಕು. ಟೀಚರ ಊರಿಗೆ ಹೊರಡುವ ದಿನ ಉಡಬೇಕೆಂದು ತೆಗೆದಿಟ್ಟಿದ್ದ ಸೀರೆ ಅವಳ ತೋಳಿನ ಮೇಲಿತ್ತು.

“ಹಾಗಾದರೆ ಇನ್ನೀಗ ಎಂತ ಮಾಡುವುದು?” ಎಂದು ಕೇಳಿದಳು.

ಆಮೇಲೆ ಅವಳೇ ಸೀರೆಯನ್ನು ಮಡಚಿ ಕಪಾಟಿಗೆ ವಾಪಸಿಡಲು ಒಳಗೆ ಹೋದಳು.